ನನ್ನದಲ್ಲದ ಬೆದರಿಕೆಗೆ ನನ್ನ ಸಹಿ ಕೇಳಿದರು

ಹೋದ ವರ್ಷ ಯುಗಾದಿ ಕಳೆದ ಮೇಲೆ ನಡೆದ ಸಂಗತಿ ಇದು. ಆಗ ನಾನು ವಿಜಯನಗರ, ಚಂದ್ರಾ ಲೇಔಟ್, ಮೂಡಲಪಾಳ್ಯ, ಕೆಂಗೇರಿ, ಈ ನಾಲ್ಕು ಕಡೆ ಪ್ರಸಿದ್ಧನಾದ ಮಿಮಿಕ್ರಿ ಕಲಾವಿದನಾಗಿದ್ದೆ. ಐದನೆಯ ಕಡೆ ಹೋಗಿ ನನ್ನ ಹೆಸರು ಹೇಳಿದರೆ ಯಾವ ಪವನ್ ಅನ್ನುತ್ತಿದ್ದರು. ಮದುವೆ ರಿಸೆಪ್ಷನ್‌ಗಳಲ್ಲಿ ನಿರೂಪಣೆ ಮಾಡುತ್ತಿದ್ದೆ. ತರಕಾರಿ ಗಾಡಿಯ ಸ್ಪೀಕರಿನಲ್ಲಿ 'ಟೊಮೊಟೊ ಬಂತಮ್ಮಾ' ಎಂದು ದಿನವಿಡೀ ಕೂಗುವ ರೆಕಾರ್ಡೆಡ್ ದನಿಯೂ ನನ್ನದೇ. ಉಳಿದ ಹೊತ್ತಿನಲ್ಲಿ ಒಂದು ನಿಮಿಷದೊಳಗಿನ ವಿಡಿಯೊ ಮಾಡಿ ಒಂದು ಆ್ಯಪ್‌ನಲ್ಲಿ ಹಾಕುತ್ತಿದ್ದೆ. ಇಂಥ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರು ಬರೆಯುತ್ತಾರೆ. ನನಗಿನ್ನೂ ಇಪ್ಪತ್ತೇಳು. ಆದರೆ ಒಂದು ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಆ ಆ್ಯಪ್ ನನ್ನನ್ನು ನಿವೃತ್ತಿಗೊಳಿಸಿತು. ಹಾಗಾಗಿ ಬರೆಯುವ ಅರ್ಹತೆ ಬಂದಿದೆ ಎಂದುಕೊಂಡಿದ್ದೇನೆ.

ನನ್ನ ಬಂಡವಾಳ ನಮ್ಮ ಕಡೆಯ ಒಬ್ಬ ರಾಜಕಾರಣಿ. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೊಂದು ನೋಟಿಸ್ ಬರುತ್ತದೆ. ಎಲ್ಲರೂ ಲೀಡರ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಧಿಕಾರ ಇದ್ದಾಗಲೂ ಇಲ್ಲದಾಗಲೂ ಅವರ ಹಿಂದೆ ಅಷ್ಟೇ ಕಾರು, ಅಷ್ಟೇ ಜನ. ವೇದಿಕೆ ಹತ್ತಿದರೆ ಮೊದಲು ಮೈಕನ್ನು ಎರಡು ಸಲ ಬೆರಳಿನಿಂದ ಕುಟ್ಟುತ್ತಾರೆ, ಆಮೇಲೆ ಗಂಟಲು ಸರಿಮಾಡಿಕೊಂಡು 'ನನ್ನ ತಾಯಂದಿರೇ, ಅಕ್ಕಂದಿರೇ' ಎಂದು ಎಳೆಯುತ್ತಾರೆ. ನಾನು ಅದಕ್ಕೆ 'ಅಕ್ಕಂದಿರ ಯಜಮಾನ್ರೇ' ಎಂದು ಸೇರಿಸಿದೆ. ಜನ ಎಷ್ಟು ನಕ್ಕರೆಂದರೆ ಆರು ತಿಂಗಳಲ್ಲಿ ಲೀಡರ್ ತಾವೇ ಸಭೆಗಳಲ್ಲಿ 'ಅಕ್ಕಂದಿರ ಯಜಮಾನ್ರೇ' ಅನ್ನಲು ಶುರುಮಾಡಿದರು. ಯಾರು ಯಾರನ್ನು ಅನುಕರಿಸುತ್ತಿದ್ದಾರೆ ಎಂಬುದು ಅಲ್ಲಿಂದ ಮುಂದೆ ನನಗೂ ಸ್ಪಷ್ಟವಿರಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಹೋದ ಚುನಾವಣೆಯಲ್ಲಿ ಲೀಡರ್ ತಮ್ಮ ಪಕ್ಷದವರಿಗಾಗಿ ಪ್ರಚಾರ ಮಾಡಿ ಗಂಟಲು ಕಳೆದುಕೊಂಡರು. ಆಗ ಅವರ ಪಿಎ ರಮೇಶಣ್ಣ ನನ್ನನ್ನು ಬಸವೇಶ್ವರನಗರದ ಒಂದು ಸ್ಟುಡಿಯೋಗೆ ಕರೆಸಿ, ಲೀಡರ್ ದನಿಯಲ್ಲಿ ನಲವತ್ತು ಸೆಕೆಂಡಿನ ಮನವಿ ಓದಿಸಿದರು. ಮನೆಮನೆಯ ಫೋನಿಗೆ ಹೋದ 'ನಮಸ್ಕಾರ, ನಾನು ನಿಮ್ಮ ಮನೆಮಗ' ಎಂಬ ಕರೆಯಲ್ಲಿದ್ದ ಮನೆಮಗ ನಾನು. ನನ್ನಮ್ಮನಿಗೂ ಆ ಕರೆ ಬಂತು. ಅವರು ಪೂರ್ತಿ ಕೇಳಿ 'ಪಾಪ, ಎಷ್ಟು ಮರ್ಯಾದೆಯಿಂದ ಮಾತಾಡ್ತಾರೆ' ಅಂದರು. ಆ ಕೆಲಸಕ್ಕೆ ಒಪ್ಪಂದ, ಕಾಗದ, ಸಹಿ ಯಾವುದೂ ಇರಲಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದೂ ಅನಿಸಲಿಲ್ಲ. ನನಗೆ ಆಗ ಅನಿಸಿದ್ದು ಒಂದೇ, ಎಷ್ಟು ಚೆನ್ನಾಗಿ ಬಂತು ಅಂತ.

ಈಗ ವಿಶಾಲಾಕ್ಷಿ ಮೇಡಂ ವಿಷಯ. ಹೈಸ್ಕೂಲಿನಲ್ಲಿ ನನಗೆ ಸಮಾಜ ವಿಜ್ಞಾನ ಕಲಿಸಿದವರು. ನಾನು ಜೀವನದಲ್ಲಿ ಮೊದಲು ಅನುಕರಿಸಿದ್ದು ಅವರನ್ನೇ, ಅದಕ್ಕೆ ಮೊದಲ ಪೆಟ್ಟು ಕೊಟ್ಟವರೂ ಅವರೇ. ನಿವೃತ್ತಿಯಾದ ಮೇಲೆ ಚಂದ್ರಾ ಲೇಔಟ್‌ನ ತಮ್ಮ ರಸ್ತೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾಗಿದ್ದರು. ಅವರ ಮನೆಯ ಹಿಂದೆ ಒಂದು ಸಿಎ ಸೈಟ್ ಇದೆ. ಬಡಾವಣೆ ಮಾಡುವಾಗ ಶಾಲೆಗೋ ಲೈಬ್ರರಿಗೋ ಆಟಕ್ಕೋ ಎಂದು ಬಿಟ್ಟಿರುವ ಸಾರ್ವಜನಿಕ ಜಾಗಕ್ಕೆ ಹಾಗನ್ನುತ್ತಾರೆ. ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಅದನ್ನು ಲೀಡರ್ ಅವರ ಟ್ರಸ್ಟಿಗೆ ಕೊಡುವ ಸಿದ್ಧತೆ ನಡೆದಿದೆ ಎಂಬ ಸುದ್ದಿ ಕೇಳಿ ಮೇಡಂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಹತ್ತು ದಿನ ಕಳೆಯುವುದರೊಳಗೆ ಅವರಿಗೆ ಒಂದು ಫೋನ್ ಬಂತು.

ಮೇಡಂ ಫೋನ್ ಹಳೆಯದು. ಕರೆ ರೆಕಾರ್ಡ್ ಆಗುತ್ತಿದೆ ಎಂದು ಆಚೆಯವರಿಗೆ ಸಾರಿ ಹೇಳದ ಕಾಲದ್ದು. ಬ್ಯಾಂಕಿನ ಹೆಸರಿನಲ್ಲಿ ಮೋಸ ಮಾಡುವವರ ಕಾಟಕ್ಕೆ ಅವರ ತಂಗಿಯ ಮಗ ಎಲ್ಲ ಕರೆಯೂ ತಾನಾಗಿ ರೆಕಾರ್ಡ್ ಆಗುವಂತೆ ಇಟ್ಟಿದ್ದ. ಒಂದು ನಿಮಿಷ ಐವತ್ತು ಸೆಕೆಂಡಿನ ಆ ಮಾತುಕತೆಯನ್ನು ಮೇಡಂ ಒಂದು ದಿನ ಯೋಚಿಸಿ, ಶನಿವಾರ ಸಂಜೆ, ಲೀಡರ್ ಮಾಡಿದ ಕರೆ ಎಂದು ಬರೆದು, ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ಅದರ ಮುಖ್ಯ ಭಾಗ ಹೀಗಿತ್ತು:

"ಮೇಡಂ, ಊಟ ಆಯ್ತಾ? ನಿಮ್ಮನೆ ಮೂರನೇ ಫ್ಲೋರಲ್ಲಿ ಚೆನ್ನಾಗಿ ಗಾಳಿ ಬರುತ್ತಂತೆ. ಪ್ಲಾನಲ್ಲಿ ಇದೆಯಾ ಅದು? ಇರಲ್ಲ ಬಿಡಿ, ಯಾರ್ ಮನೇದೂ ಇರಲ್ಲ. ಆ ಅರ್ಜಿ ವಾಪಸ್ ತಗೊಂಬಿಡಿ. ಇಲ್ಲಾಂದ್ರೆ ನಾನೇನ್ ಬರಲ್ಲ, ಜೆಸಿಬಿ ಬರುತ್ತೆ."

ಭಾನುವಾರದ ಹೊತ್ತಿಗೆ ಅದು ನಮ್ಮ ಕಡೆಯ ಎಲ್ಲ ಗುಂಪುಗಳಲ್ಲೂ ತಿರುಗುತ್ತಿತ್ತು. ನನ್ನ ಗೆಳೆಯರ ಗುಂಪಿಗೂ ಬಂತು. 'ಲೀಡರ್ ಥರಾನೇ ಇಲ್ಲ ಮಗಾ' ಎಂದ ಒಬ್ಬ. 'ತಾಯಂದಿರೇ ಎಲ್ಲಿ? ಪವನ್ ಇದಕ್ಕಿಂತ ಚೆನ್ನಾಗ್ ಮಾಡ್ತಾನೆ' ಎಂದ ಇನ್ನೊಬ್ಬ. ಮೂರನೆಯವನು ನೇರವಾಗಿ ನನ್ನನ್ನೇ ಕೇಳಿದ, ಇದು ನೀನೇ ಅಲ್ವಾ ಗುರು ಎಂದು.

ನನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪು ಆಗ ನಡೆಯಿತು. ಒಂದು ಅಕ್ಷರ ಟೈಪ್ ಮಾಡಲಿಲ್ಲ. ಒಂದು ಕಣ್ಣು ಹೊಡೆಯುವ ಹಳದಿ ಮುಖದ ಇಮೋಜಿ ಹಾಕಿದೆ, ಅಷ್ಟೆ. ಬೇರೆ ಯಾವ ಕಸುಬಿನವನೂ ತಾನು ಮಾಡದ ಕೆಲಸವನ್ನು ಹೀಗೆ ಹೆಗಲ ಮೇಲೆ ಹಾಕಿಕೊಳ್ಳುವುದಿಲ್ಲ. ಮಿಮಿಕ್ರಿಯವನಿಗೆ ಮಾತ್ರ 'ಇದು ನೀನೇನಾ?' ಎಂಬುದು ಆರೋಪದ ಹಾಗೆ ಕೇಳಿಸುವುದಿಲ್ಲ, ಚಪ್ಪಾಳೆಯ ಹಾಗೆ ಕೇಳಿಸುತ್ತದೆ. ಒಂದು ಗಂಟೆಯ ಕಾಲ ಬಹಳ ಖುಷಿಯಾಗಿದ್ದೆ.

ಸೋಮವಾರ ಲೀಡರ್ ಕಡೆಯಿಂದ ಪೊಲೀಸರಿಗೆ ದೂರು ಹೋಯಿತು. ತಮ್ಮ ದನಿಯನ್ನು ನಕಲು ಮಾಡಿ ಚಾರಿತ್ರ್ಯವಧೆ ನಡೆದಿದೆ, ಇದರಲ್ಲಿ ವಿಶಾಲಾಕ್ಷಿ ಎಂಬುವರ ಮತ್ತು ಒಬ್ಬ ಮಿಮಿಕ್ರಿ ಕಲಾವಿದನ ಕೈವಾಡವಿದೆ ಎಂದು. ಮಂಗಳವಾರ ಬೆಳಿಗ್ಗೆ ಆ್ಯಪ್ ತೆರೆದರೆ ನನ್ನ ಖಾತೆಯ ಜಾಗದಲ್ಲಿ ಬೂದು ಬಣ್ಣದ ಒಂದು ಪರದೆ ಇತ್ತು. ಕಾನೂನು ಕೋರಿಕೆಯ ಮೇರೆಗೆ ಈ ಖಾತೆಯನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಒಂದೇ ಸಾಲು. ಯಾರ ಕೋರಿಕೆ, ಯಾವ ವಿಡಿಯೊ, ಏನೂ ಇಲ್ಲ. ಮನವಿ ಸಲ್ಲಿಸುವ ಬಟನ್ ಒತ್ತಿದೆ. ನಾಲ್ಕು ನಿಮಿಷದಲ್ಲಿ ಉತ್ತರ ಬಂತು, ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ ಎಂದು. ಎರಡು ವರ್ಷದ ಮುನ್ನೂರು ವಿಡಿಯೊಗಳನ್ನು ನಾಲ್ಕು ನಿಮಿಷದಲ್ಲಿ ಕೂಲಂಕಷವಾಗಿ ನೋಡಿದ ಆ ಮಹಾನುಭಾವನ ದನಿ ಹೇಗಿರಬಹುದು ಎಂದು ಕನ್ನಡಿಯ ಮುಂದೆ ಮಾಡಿ ನೋಡಿದೆ. ಬರಲಿಲ್ಲ. ಯಂತ್ರಕ್ಕೆ ಗಂಟಲು ಇರುವುದಿಲ್ಲ.

ಹತ್ತು ಗಂಟೆಗೆ ಮೂಡಲಪಾಳ್ಯದ ನಮ್ಮ ಮನೆಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ಪಾಸ್‌ಪೋರ್ಟ್ ವಿಚಾರಣೆ ಇರಬೇಕೆಂದು ಅಮ್ಮ ಅವರಿಗೆ ಕಾಫಿ ಕೊಟ್ಟು, ನನ್ನ ಗುಣಗಾನ ಮಾಡಿ, ಯಾರ ದನಿ ಬೇಕಾದರೂ ಮಾಡ್ತಾನೆ ಸಾರ್ ಎಂದೂ ಹೇಳಿದ್ದರು. ಅವರು ಕಾಫಿ ಮುಗಿಸಿ, ಸಂಕೋಚದಿಂದಲೇ, ನೋಟಿಸ್ ಕೊಟ್ಟರು.

ಆ ಕಾಗದ ಹಿಡಿದುಕೊಂಡು ಶ್ವೇತಾ ಹತ್ತಿರ ಓಡಿದೆ. ಅವಳು ನನ್ನ ಕಾಲೇಜಿನ ಗೆಳತಿ. ಆಮೇಲೆ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಕಾನೂನು ಓದಿ, ಈಗ ವಿಜಯನಗರದಲ್ಲಿ ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ ಜೂನಿಯರ್. ಕಾಗದವನ್ನು ಎರಡು ಸಲ ಓದಿ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು. ಇದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 35(3)ರ ನೋಟಿಸ್. ತಕ್ಷಣ ಬಂಧಿಸುವುದಿಲ್ಲ, ಆದರೆ ಕರೆದಾಗ ವಿಚಾರಣೆಗೆ ಬರಬೇಕು, ಬಾರದಿದ್ದರೆ ಬಂಧಿಸಬಹುದು. ಮುಂದಿನ ಸೋಮವಾರ ಹನ್ನೊಂದಕ್ಕೆ ಹಾಜರಾಗಬೇಕು. ಆರೋಪ ಐಟಿ ಕಾಯ್ದೆಯ 66ಡಿ, ಅಂದರೆ ಕಂಪ್ಯೂಟರ್ ಅಥವಾ ಫೋನ್ ಬಳಸಿ ಇನ್ನೊಬ್ಬರ ಸೋಗಿನಲ್ಲಿ ವಂಚನೆ. ಮೂರು ವರ್ಷದವರೆಗೆ ಶಿಕ್ಷೆ.

ಆ್ಯಪ್‌ನವರು ನನ್ನನ್ನು ಒಂದು ಮಾತೂ ಕೇಳದೆ ಯಾಕೆ ಮುಚ್ಚಿದರು ಎಂದು ಕೇಳಿದೆ. ಜನ ಹಾಕುವುದಕ್ಕೆಲ್ಲ ಆ್ಯಪ್‌ನವರು ಹೊಣೆಯಲ್ಲ ಎಂದು ಕಾನೂನು ಅವರಿಗೊಂದು ಕೊಡೆ ಕೊಟ್ಟಿದೆ, ಸರ್ಕಾರ ತೆಗೆಯಿರಿ ಎಂದಾಗ ತೆಗೆಯದಿದ್ದರೆ ಆ ಕೊಡೆ ಹೋಗುತ್ತದೆ ಎಂದಳು. "ನಿನಗೋಸ್ಕರ ಅವರ್ಯಾಕೋ ನೆನೀತಾರೆ?" ಎಂದಳು.

ಬುಧವಾರ ರಮೇಶಣ್ಣ ಫೋನ್ ಮಾಡಿದರು. ಲೀಡರ್ ನೋಡಬೇಕಂತೆ, ಗಾಬರಿ ಬೇಡ, ನಗಿಸೋ ಹುಡುಗ ನೀನು ಎಂದರು. ಹೋಗಬೇಡ ಎಂದಳು ಶ್ವೇತಾ. ಹೋದೆ. ಯಾಕೆಂದು ಈಗ ಕೇಳಿದರೆ ನನ್ನ ಹತ್ತಿರ ಗೌರವಯುತವಾದ ಉತ್ತರವಿಲ್ಲ. ಖಾತೆ ವಾಪಸ್ ಬೇಕಿತ್ತು.

ಆಫೀಸಿನಲ್ಲಿ ಲೀಡರ್, ರಮೇಶಣ್ಣ ಮತ್ತು ಅವರ ವಕೀಲರು ಇದ್ದರು. ಲೀಡರ್ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ನನ್ನ ಮುಂದೆ ಒಂದ್ಸಲ ನನ್ನನ್ನ ಮಾಡು ನೋಡೋಣ ಎಂದರು. ಎದ್ದು ನಿಂತು ಮಾಡಿದೆ. ಇಲ್ಲದ ಮೈಕನ್ನು ಕುಟ್ಟಿ, ತಾಯಂದಿರು, ಅಕ್ಕಂದಿರು, ಯಜಮಾನರು ಎಲ್ಲರನ್ನೂ ಕರೆದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಲೀಡರ್. ಕಣ್ಣೊರೆಸಿಕೊಂಡರು ಕೂಡ. ಆಮೇಲೆ ವಕೀಲರು ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿದ ಒಂದು ಅಫಿಡವಿಟ್ ಅನ್ನು, ಅಂದರೆ ಪ್ರಮಾಣಪತ್ರವನ್ನು, ನನ್ನ ಮುಂದೆ ಇಟ್ಟರು.

ಅದರ ಸಾರಾಂಶ ಇಷ್ಟು. ಸದರಿ ಆಡಿಯೊವನ್ನು ನಾನೇ ಹಾಸ್ಯಕ್ಕಾಗಿ ತಯಾರಿಸಿದ್ದು. ಅದನ್ನು ವಿಶಾಲಾಕ್ಷಿಯವರಿಗೆ ಕಳುಹಿಸಿದ್ದು. ಅದು ನಕಲಿ ಎಂದು ತಿಳಿದೂ ಅವರು ಅಸಲಿ ಎಂಬಂತೆ ಹಂಚಿರುತ್ತಾರೆ. ಜೊತೆಗೆ ನನ್ನ ಆ ಹಳದಿ ಮುಖದ ಸ್ಕ್ರೀನ್‌ಶಾಟ್, ಬಣ್ಣದ ಪ್ರಿಂಟ್. ನನ್ನದೇ ಗುಂಪಿನವರು ಯಾರೋ ಕಳಿಸಿದ್ದರು.

ರಮೇಶಣ್ಣ ವಿವರಿಸಿದರು. ಸಹಿ ಹಾಕಿದರೆ ಹುಡುಗ ತಮಾಷೆಗೆ ಮಾಡಿದ ಎಂದು ನನ್ನ ಮೇಲಿನ ದೂರು ಬಿಡುತ್ತಾರೆ, ಖಾತೆಯೂ ವಾರದಲ್ಲಿ ತೆರೆಯುತ್ತದೆ. ಮೇಡಂ ಗತಿ ಏನು ಎಂದು ಕೇಳಿದೆ. ಅವರನ್ನು ಕಾನೂನು ನೋಡಿಕೊಳ್ಳುತ್ತದೆ ಎಂದರು ವಕೀಲರು. ನಾನು ಕಾಗದವನ್ನು ಮತ್ತೆ ಮೊದಲಿನಿಂದ ಓದತೊಡಗಿದೆ. ಆಗ ಲೀಡರ್ ನನ್ನ ಕಡೆ ಸ್ವಲ್ಪ ಬಾಗಿ ಹೇಳಿದರು:

"ಮೂಡಲಪಾಳ್ಯದಲ್ಲಿ ನಿಮ್ಮನೆ ಮೇಲೊಂದು ಶೀಟಿನ ರೂಮ್ ಇದೆಯಲ್ಲ, ಅಲ್ಲೇ ಅಲ್ವಾ ನೀನು ರೆಕಾರ್ಡ್ ಮಾಡೋದು? ಚೆನ್ನಾಗ್ ಕಟ್ಟಿದೀರ. ಸೋಮವಾರದೊಳಗೆ ಯೋಚ್ನೆ ಮಾಡು."

ತಾಯಂದಿರು ಇರಲಿಲ್ಲ. ಗಂಟಲು ಸರಿಮಾಡಿಕೊಳ್ಳುವುದು ಇರಲಿಲ್ಲ. ದನಿ ಒಂದು ಮೆಟ್ಟಿಲು ಕೆಳಗೆ, ಸಮತಟ್ಟು, ಪಕ್ಕದ ಮನೆಯವರು ನೀರು ಬಂತಾ ಎಂದು ಕೇಳುವ ಹಾಗೆ. ಎರಡು ವರ್ಷ ಆ ಮನುಷ್ಯನ ಗಂಟಲನ್ನು ಅಧ್ಯಯನ ಮಾಡಿದವನು ನಾನು. ಆ ದನಿಯನ್ನು ನೇರವಾಗಿ ಕೇಳಿದ್ದು ಅದೇ ಮೊದಲು. ಆದರೆ ಹೊಸದಲ್ಲ. ಮೇಡಂ ಫೋನಿನ ಆಡಿಯೊದಲ್ಲಿದ್ದದ್ದು ಅದೇ.

ಆ ಮೂರು ದಿನ ಶೀಟಿನ ರೂಮಿನಲ್ಲಿ ಕುಳಿತು ಆ ಆಡಿಯೊವನ್ನು ನೂರಾರು ಸಲ ಕೇಳಿದೆ. ನಾಚಿಕೆಯ ವಿಷಯ ಹೇಳುತ್ತೇನೆ, ಗುರುವಾರ ಸಂಜೆಯ ಹೊತ್ತಿಗೆ ಇದು ನಾನೇ ಮಾಡಿರಬಹುದಾ ಎಂಬ ಅನುಮಾನ ಬಂತು. ಅಭ್ಯಾಸಕ್ಕೆ ಎಷ್ಟೋ ರೆಕಾರ್ಡ್ ಮಾಡುತ್ತೇನೆ, ಎಲ್ಲ ನೆನಪಿರುತ್ತದೆಯೇ? ಸಹಿ ಹಾಕಲು ಮನಸ್ಸು ಹುಡುಕುತ್ತಿದ್ದ ಕಾರಣ ಅದು. ಪರೀಕ್ಷೆಗೆ ಅದೇ ಮಾತುಗಳನ್ನು ಲೀಡರ್ ದನಿಯಲ್ಲಿ ಓದಿ ರೆಕಾರ್ಡ್ ಮಾಡಿದೆ. ನನ್ನದು ಎಲ್ಲ ರೀತಿಯಲ್ಲೂ ಲೀಡರ್ ಆಗಿತ್ತು, ಲೀಡರ್‌ಗಿಂತ ಹೆಚ್ಚು ಲೀಡರ್. ಬೆದರಿಕೆಯಂತೆ ಮಾತ್ರ ಇರಲಿಲ್ಲ. ನಾನು ಹಿಡಿದಿದ್ದು ಅವರು ವೇದಿಕೆಗೆಂದು ಹಾಕಿಕೊಳ್ಳುವ ದನಿಯನ್ನು. ನನ್ನ ವಿಡಿಯೊ ನೋಡಿದ ಜನ ಲೀಡರ್ ಅಂದರೆ ಇದೇ ಎಂದು ನಂಬಿಕೊಂಡಿದ್ದರು. ಅದರಿಂದಲೇ ನಿಜವಾದ ದನಿ ಹೊರಗೆ ಬಂದಾಗ ಅದು ಲೀಡರ್ ಥರ ಇಲ್ಲ ಎಂದರು. ಮೇಡಂ ಸುಳ್ಳುಗಾರ್ತಿ ಎನ್ನಿಸಿಕೊಳ್ಳಲು ನಾನು ಸಹಿ ಹಾಕುವುದೇ ಬೇಕಿರಲಿಲ್ಲ, ಅರ್ಧ ಕೆಲಸವನ್ನು ಎರಡು ವರ್ಷದಿಂದ ನಗಿಸುತ್ತಲೇ ಮಾಡಿಟ್ಟಿದ್ದೆ.

ಶನಿವಾರ ಶ್ವೇತಾಳನ್ನು ಕರೆದುಕೊಂಡು ಮೇಡಂ ಮನೆಗೆ ಹೋದೆ. ಅವರು ಒಂದು ವಾರದಲ್ಲಿ ಕುಗ್ಗಿದ್ದರು. ಮೂರನೇ ಮಹಡಿಯ ಬಾಡಿಗೆಯವರು ಬೇರೆ ಮನೆ ನೋಡುತ್ತಿದ್ದರು. ಸಂಘದ ಅಧ್ಯಕ್ಷರು ಫೋನ್ ಎತ್ತುವುದನ್ನು ನಿಲ್ಲಿಸಿದ್ದರು. ಗುಂಪಿನಲ್ಲಿ ಯಾರೋ ಹಿರಿಯರು ಇಂಥ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೈಮುಗಿಯುವ ಚಿತ್ರದೊಂದಿಗೆ ಬರೆದಿದ್ದರು. ಮೂರನೇ ಮಹಡಿ ಪಾಲಿಕೆ ಮಂಜೂರು ಮಾಡಿದ ಪ್ಲಾನಿನಲ್ಲಿಲ್ಲ ಎಂಬುದನ್ನು ಮೇಡಂ ತಾವಾಗಿಯೇ ಒಪ್ಪಿಕೊಂಡರು. ಇಡೀ ರಸ್ತೆಯಲ್ಲಿ ಯಾರದ್ದೂ ಇಲ್ಲ, ಆದರೆ ಅದರಿಂದ ನನ್ನದು ಸರಿಯಾಗುವುದಿಲ್ಲವಲ್ಲ ಎಂದರು.

ಓದಿಕೊಂಡು ಬಾ ಎಂದು ರಮೇಶಣ್ಣ ಫೋನಿಗೆ ಕಳಿಸಿದ್ದ ಅಫಿಡವಿಟ್ಟಿನ ಫೋಟೊವನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಉತ್ತರ ಪತ್ರಿಕೆ ತಿದ್ದುವ ಹಾಗೆ ಬೆರಳಿಟ್ಟು ಪೂರ್ತಿ ಓದಿದರು. 'ತಿಳಿದೂ' ಎಂಬ ಪದದ ಮೇಲೆ ಬೆರಳು ನಿಂತಿತು. ನನ್ನ ಇಮೋಜಿಯ ವಿಷಯವನ್ನೂ ಹೇಳಿದೆ, ಚುನಾವಣೆಯ ಕರೆಗಳ ವಿಷಯವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಒಳಗೆ ಹೋಗಿ, ಸ್ವಲ್ಪ ಹೊತ್ತಾದ ಮೇಲೆ ಬಂದು ಕುಳಿತು ಹೇಳಿದರು:

"ನೀನು ಸಹಿ ಹಾಕಿದ್ರೆ ನಾನು ಕ್ಷಮಿಸಲ್ಲ ಕಣೋ. ಹುಡುಗ, ಹೆದರಿಕೊಂಡ ಅಂತೆಲ್ಲ ಅಂದ್ಕೊಳ್ಳೋ ದೊಡ್ಡ ಮನಸ್ಸು ನನಗಿಲ್ಲ. ಈಗಲೇ ಹೇಳಿಬಿಡ್ತೀನಿ, ಆಮೇಲೆ ಮೇಡಂ ಹಾಗಂದ್ರು ಅಂತ ಬೇಜಾರ್ ಮಾಡ್ಕೋಬೇಡ."

ಶ್ವೇತಾ ಕೆಲಸದ ಮಾತಿಗೆ ಬಂದಳು. ಗುಂಪುಗಳಲ್ಲಿ ತಿರುಗುತ್ತಿರುವ ಆಡಿಯೊಗೆ ಕೋರ್ಟಿನಲ್ಲಿ ಬೆಲೆ ಕಡಿಮೆ, ಮೂಲ ರೆಕಾರ್ಡಿಂಗ್ ಇರುವ ಈ ಹಳೆಯ ಫೋನೇ ಸಾಕ್ಷಿ. ಆ ಫೈಲಿಗೆ ಹ್ಯಾಶ್ ವ್ಯಾಲ್ಯೂ ಎಂಬ ಉದ್ದದ ಸಂಖ್ಯೆಯೊಂದು ಸಿಗುತ್ತದೆ, ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಳಗೆ ಒಂದು ಚೂರು ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಅದನ್ನು ಬರೆದ ದೃಢೀಕರಣ ಪತ್ರದ ಜೊತೆ ಫೋನನ್ನು ಸಾಕ್ಷಿಗಳ ಮುಂದೆ ಮಹಜರು ಮಾಡಿಸಿ ಠಾಣೆಗೆ ಕೊಡಬೇಕು. ಫೋನ್ ಕೊಟ್ಟರೆ ತಂಗಿಯ ಜೊತೆ ಹೇಗೆ ಮಾತಾಡಲಿ ಎಂದು ಮೇಡಂ ಕೇಳಿದರು. ಅಷ್ಟು ಹೊತ್ತೂ ಗಟ್ಟಿಯಾಗಿದ್ದವರ ದನಿ ಆಗ ಸ್ವಲ್ಪ ಒಡೆಯಿತು.

ಹೊರಗೆ ಬಂದ ಮೇಲೆ ಶ್ವೇತಾ ನನಗೆ ಇನ್ನೊಂದು ಎಚ್ಚರಿಕೆ ಕೊಟ್ಟಳು. ಚುನಾವಣೆಯ ಕರೆಗಳ ಬಗ್ಗೆ ನಾನಾಗಿ ಬಾಯಿಬಿಡಬೇಕಿಲ್ಲ, ಅದು ಈ ಕೇಸಿನಲ್ಲಿ ಇಲ್ಲ. ಹೇಳಿದರೆ ಅವರು ನಾವು ಒಪ್ಪಿಗೆ ಕೊಟ್ಟೇ ಇರಲಿಲ್ಲ ಎನ್ನುತ್ತಾರೆ. ಕಾಗದ ನನ್ನ ಹತ್ತಿರ ಇಲ್ಲ. ಆಗ 66ಡಿ ನಿಜವಾಗಿಯೂ ನನ್ನ ಮೇಲೆ ಕೂರುತ್ತದೆ. ಆದರೆ ಇನ್‌ಸ್ಪೆಕ್ಟರ್ ನೇರವಾಗಿ ಕೇಳಿದಾಗ ಸುಳ್ಳು ಹೇಳಿದರೆ, ಅದನ್ನು ರಮೇಶಣ್ಣ ಯಾವಾಗ ಬೇಕಾದರೂ ಹೊರಗೆ ತೆಗೆಯಬಹುದು. ನನ್ನ ಒಂದು ಸುಳ್ಳು ಸಿಕ್ಕರೆ ಸಾಕು, ನನ್ನ ಉಳಿದ ಹೇಳಿಕೆಯ ಜೊತೆ ಮೇಡಂ ಕೂಡ ಮುಳುಗುತ್ತಾರೆ.

ಸೋಮವಾರ ಹನ್ನೊಂದಕ್ಕೆ ನಾನೂ ಶ್ವೇತಾಳೂ ಠಾಣೆಗೆ ಹೋದೆವು. ರಮೇಶಣ್ಣ ಆಗಲೇ ಹೊರಗಿನ ಬೆಂಚಿನಲ್ಲಿ ಅಫಿಡವಿಟ್ಟಿನ ಕವರ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನನ್ನು ನೋಡಿ ಜೇಬಿನಿಂದ ಪೆನ್ ತೆಗೆದರು. ನಾನು ಆ ಪೆನ್ನನ್ನು ನೋಡದೆ ಒಳಗೆ ಹೋದೆ. ಧೈರ್ಯ ಅಂದುಕೊಳ್ಳಬೇಡಿ. ನಿಂತರೆ ತೆಗೆದುಕೊಂಡುಬಿಡುತ್ತೇನೆ ಎಂದು ಗೊತ್ತಿತ್ತು.

ಇನ್‌ಸ್ಪೆಕ್ಟರ್ ಧಾರವಾಡದ ಕಡೆಯವರು. ನನಗೊಂದು ರೋಗವಿದೆ. ತುಂಬಾ ಹೆದರಿದಾಗ ಎದುರಿಗಿರುವವರ ಧಾಟಿ ನನಗೆ ಗೊತ್ತಿಲ್ಲದೆಯೇ ಬಾಯಿಗೆ ಬಂದುಬಿಡುತ್ತದೆ. ಹೆಸರು ಕೇಳಿದರು, ಪವನ್ ರೀ ಸರ್ ಎಂದೆ. ಎಷ್ಟು ವರ್ಷದಿಂದ ಈ ಕೆಲಸ ಎಂದರು, ಭಾಳ ವರ್ಷ ಆತ್ರಿ ಎಂದೆ. ಅವರು ಪೆನ್ ಕೆಳಗಿಟ್ಟರು. "ಮೂಡಲಪಾಳ್ಯದಾಗ ಹುಟ್ಟಿ ಬೆಳದಾವ ನಮ್ಮ ಭಾಷಾ ಯಾಕ ಮಾತಾಡಾಕತ್ತಿ? ಅಣಕಸ್ತೀಯೇನು?" ಎಂದು ಕೇಳಿದರು. ಶ್ವೇತಾ ಕಾಲು ತುಳಿದಳು. ಇಲ್ಲ ಸಾರ್, ಹೆದರಿಕೆ ಸಾರ್ ಎಂದು ಬೆಂಗಳೂರಿಗೆ ವಾಪಸ್ ಬಂದೆ. ನೀರು ಕೊಡಿಸಿದರು.

ಆಮೇಲೆ ಆಡಿಯೊ ಹಾಕಿದರು. ಅದು ನನ್ನ ದನಿಯಲ್ಲ ಎಂದು ಹೇಳಿದೆ. ಅವರು ಬಣ್ಣದ ಪ್ರಿಂಟನ್ನು ಮೇಜಿನ ಮೇಲೆ ತಳ್ಳಿ, ಹಂಗಾದ್ರ ಈ ಕಣ್ಣ ಹೊಡದದ್ದು ಯಾಕ ಎಂದರು. ಇಡೀ ವಾರ ಇದಕ್ಕೆ ಹತ್ತಾರು ಉತ್ತರ ತಯಾರು ಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಜಂಬಕ್ಕೆ ಸಾರ್" ಎಂದೆ.

ಅವರು ಅದನ್ನೇ ಬರೆದುಕೊಳ್ಳಲು ಪಕ್ಕದಲ್ಲಿದ್ದ ಠಾಣೆಯ ರೈಟರ್‌ಗೆ ಹೇಳಿದರು. ಸರ್ಕಾರಿ ಕಡತದಲ್ಲಿ ನನ್ನ ಬಗ್ಗೆ ದಾಖಲಾದ ಮೊದಲ ಸತ್ಯ ಅದು. ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು. ಲೀಡರ್ ದನಿ ಮಾಡಿ ಅದೇ ಅಸಲಿ ಅಂತ ಎಂದಾದರೂ ಜನರನ್ನು ನಂಬಿಸಿದ್ದೀಯಾ?

ಹೊರಗಿನ ಬೆಂಚು ಕಿಟಕಿಯಿಂದ ಕಾಣುತ್ತಿತ್ತು. ರಮೇಶಣ್ಣ ಫೋನ್ ನೋಡುತ್ತಿದ್ದರು. ಯಾವ ಊರಿನ ಭಾಷೆಯೂ ಬಾಯಿಗೆ ಬರುತ್ತಿರಲಿಲ್ಲ. ಬಹಳ ನಿಧಾನವಾಗಿ ಹೇಳಿದೆ:

"ಈ ಆಡಿಯೊ ನಂದಲ್ಲ ಸಾರ್. ಹೋದ ಎಲೆಕ್ಷನ್‌ನಲ್ಲಿ ಎಲ್ಲರ ಮನೆ ಫೋನಿಗೆ ಬಂದಿದ್ದು ನಂದು. ಅವರ ಆಫೀಸಿನವರೇ ಮಾಡಿಸಿದ್ದು. ಬೇಕಾದ್ರೆ ಆ ಎಲೆಕ್ಷನ್ ದನಿ ಈಗಲೇ ಮಾಡಿ ತೋರಿಸ್ತೀನಿ, ಈ ಆಡಿಯೊ ಜೊತೆ ಹೋಲಿಸಿ ನೋಡಿ."

ರೈಟರ್ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದರು. ಬರೀರಿ ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಕೇಸ್ ನೀನೇ ಬರಸ್ಕೊಳ್ಳಾಕತ್ತಿ, ಗೊತ್ತದ ಏನು ಎಂದರು. ಗೊತ್ತಿತ್ತು. ನಾಲ್ಕು ಪುಟದ ಹೇಳಿಕೆಯ ಪ್ರತಿ ಹಾಳೆಯ ಕೆಳಗೂ ಶ್ವೇತಾ ಹೇಳಿದಂತೆ ಗೆರೆ ಎಳೆಸಿಕೊಂಡೆ, ಆಮೇಲೆ ಯಾರೂ ಏನೂ ಸೇರಿಸದಿರಲಿ ಎಂದು. ಅದೇ ದಿನ ಮಧ್ಯಾಹ್ನ ಮೇಡಂ ಬಂದು ತಮ್ಮ ಹಳೆಯ ಫೋನನ್ನು ಕವರಿನಲ್ಲಿ ಹಾಕಿ ಮೊಹರು ಮಾಡಿಸಿ ಕೊಟ್ಟರು. ಕೊಡುವ ಮೊದಲು ತಂಗಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ, ನಡೆದದ್ದು ಮಾತ್ರ ಚುಟುಕಾಗಿರಲಿಲ್ಲ. ಕೋರ್ಟಿನ ಆದೇಶದ ಮೇಲೆ ನನ್ನ ದನಿಯ ಮಾದರಿ ತೆಗೆದುಕೊಂಡರು. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರಲು ತಿಂಗಳುಗಳೇ ಹಿಡಿದವು. ಆ ತಿಂಗಳುಗಳಲ್ಲಿ ಗೇಟಿನ ಸದ್ದಾದರೆ ಅಮ್ಮ ಕಾಫಿ ಇಡುವುದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಕಡೆಗೆ ಬಂದ ವರದಿಯಲ್ಲಿ ಫೋನಿನ ರೆಕಾರ್ಡಿಂಗ್ ತಿದ್ದಿದ್ದಲ್ಲ, ದನಿ ನನ್ನದಕ್ಕೆ ಹೊಂದುವುದಿಲ್ಲ ಎಂದಿತ್ತು. ಮೇಡಂ ಮತ್ತು ನನ್ನ ಮೇಲಿನ ಆ ಮೊದಲ ದೂರಿಗೆ ಪೊಲೀಸರು ಬಿ ರಿಪೋ‌ರ್ಟ್ ಹಾಕಿದರು, ಅಂದರೆ ಆರೋಪಕ್ಕೆ ಆಧಾರವಿಲ್ಲ ಎಂದು ಕಡತ ಮುಚ್ಚಿದರು. ಹಾಗಾದರೆ ಆ ದನಿ ಯಾರದ್ದು? ಲೀಡರ್ ತಮ್ಮ ಮಾದರಿ ಕೊಡುವುದಕ್ಕೆ ಆಕ್ಷೇಪಣೆ ಹಾಕಿದ್ದಾರೆ. ಅದು ಇನ್ನೂ ನಡೆಯುತ್ತಿದೆ. ಜೆಸಿಬಿ ಬರಲಿಲ್ಲ, ಮೂರನೇ ಮಹಡಿಗೆ ಪಾಲಿಕೆಯ ನೋಟಿಸ್ ಬಂತು. ಮೇಡಂ ಅದಕ್ಕೆ ಉತ್ತರ ಕೊಟ್ಟಿದ್ದಾರೆ, ಅರ್ಜಿಯನ್ನು ವಾಪಸ್ ತೆಗೆದುಕೊಂಡಿಲ್ಲ.

ನನ್ನ ವಿಷಯದಲ್ಲಿ ಶ್ವೇತಾ ಹೇಳಿದಂತೆಯೇ ಆಯಿತು. ಚುನಾವಣೆಯ ಕರೆಗಳಿಗೆ ತಾವು ಒಪ್ಪಿಗೆ ಕೊಟ್ಟೇ ಇರಲಿಲ್ಲ ಎಂದು ಲೀಡರ್ ಆಫೀಸಿನವರು ಹೊಸ ದೂರು ಕೊಟ್ಟರು. ನಾನು ಈಗ ಜಾಮೀನಿನ ಮೇಲಿರುವ ಕಲಾವಿದ. ಖಾತೆ ಏಳು ತಿಂಗಳ ಮೇಲೆ ತೆರೆಯಿತು, ಲೀಡರ್ ವಿಡಿಯೊಗಳು ಒಂದೂ ಇಲ್ಲದೆ. ಕೇಸ್ ಇರುವವನನ್ನು ಮದುವೆಗೆ ಕರೆಯಲು ಹೆಣ್ಣಿನ ಕಡೆಯವರು ಹಿಂಜರಿಯುತ್ತಾರೆ. ತರಕಾರಿ ಗಾಡಿಯವರು ಮಾತ್ರ ನನ್ನನ್ನು ಕೈಬಿಟ್ಟಿಲ್ಲ.

ಮೊನ್ನೆ ವಿಜಯನಗರದ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ. ಐವತ್ತರ ಆಸುಪಾಸಿನ ಒಬ್ಬರು ಗುರುತು ಹಿಡಿದು, ಲೋಟ ಕೆಳಗಿಟ್ಟು ನನ್ನ ಕೈ ಕುಲುಕಿದರು. ಜೆಸಿಬಿ ಆಡಿಯೊ ಮಾಡಿದ್ದು ನೀವೇ ಅಲ್ವಾ, ಎಷ್ಟ್ ಚೆನ್ನಾಗಿತ್ತು ಎಂದರು. ನಾನಲ್ಲ ಸಾರ್, ಅದು ಅಸಲಿ ಎಂದೆ. ಅವರು ತಿಳಿದವರ ಹಾಗೆ ತಲೆಯಾಡಿಸಿ, ದನಿ ತಗ್ಗಿಸಿ, ಗೊತ್ತು ಬಿಡಿ, ಕೇಸ್ ಇದೆ ಅಲ್ವಾ, ಹಾಗೇ ಹೇಳ್ಬೇಕು ನೀವು ಎಂದರು.

ಠಾಣೆಗೆ ಹೋಗಿ ಒಂದು ಸಲ ನಿಜ ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಆ ಸೋಮವಾರದ ಹನ್ನೊಂದು ಗಂಟೆಯನ್ನೇ ನನ್ನ ಕಸುಬಿನ ಕಷ್ಟದ ಘಳಿಗೆ ಎಂದೂ ತಿಳಿದಿದ್ದೆ. ಹಾಗಲ್ಲ. ನಗಿಸುತ್ತಾ ಹೇಳಿದ ಸುಳ್ಳನ್ನು ಜನ ಒಂದೇ ಸಲಕ್ಕೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ, ನಿಜ ಹೇಳುವುದು ಮಾತ್ರ ದಿನಗೂಲಿ ಕೆಲಸ. ಅವರಿಗೆ ಇನ್ನೊಂದು ಕಾಫಿ ಹೇಳಿ, ಶನಿವಾರ ಸಂಜೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಅವರು ನಂಬಿದರು ಅನಿಸುತ್ತದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟವರು ಬಾಗಿಲಲ್ಲಿ ನಿಂತು, ಆ ಮೇಡಂ ಈಗ ಆ ಮನೇಲೇ ಇದಾರಾ ಎಂದು ಕೇಳಿದರು. ಇದಾರೆ ಎಂದೆ.